ಕಾಯಕ ಮತ್ತು ಪ್ರಸನ್ನತೆ: ಮಲಪ್ರಭೆಯ ಸೀಮೆಯ ಚರಿತ್ರೆಯಿಂದ

ಬೆಳಗಾವಿ ಜಿಲ್ಲೆಯ ಕಚೇರಿಗಳಲ್ಲಿ, ಶಾಲೆಗಳಲ್ಲಿ, ಸಹಕಾರಿ ಸಂಘಗಳಲ್ಲಿ ಗೋಡೆಯ ಮೇಲೊಂದು ಫಲಕ ಕಣ್ಣಿಗೆ ಬೀಳುವುದು ಸಾಮಾನ್ಯ. ಕಾಯಕವನ್ನು ಕೈಲಾಸಕ್ಕೆ ಸರಿಗಟ್ಟಿದ ಆ ಎರಡು ಪದಗಳ ಮಾತು ಆಯ್ದಕ್ಕಿ ಮಾರಯ್ಯನ ವಚನದಿಂದ ಬಂದುದು. ಇಂದು ಅದು ವಚನಗಳನ್ನು ಓದದವರಿಗೂ ಬಾಯಿಪಾಠವಾಗಿದೆ. ಫಲಕವು ಬಹುಮಟ್ಟಿಗೆ ಮೇಲಧಿಕಾರಿಯ ಕುರ್ಚಿಯ ಹಿಂದಿನ ಗೋಡೆಗೆ ತೂಗಿರುತ್ತದೆ. ಅರ್ಜಿ ಹಿಡಿದು ನಿಂತವನಿಗೂ ಕೈಕೆಳಗಿನ ನೌಕರನಿಗೂ ಅದು ಕಾಣುತ್ತದೆ. ಕುರ್ಚಿಯಲ್ಲಿ ಕುಳಿತವನಿಗೆ ಕಾಣುವುದಿಲ್ಲ. ಆ ಮಾತಿಗೆ ಕಾಲಕ್ರಮದಲ್ಲಿ ಒದಗಿದ ಗತಿಯೆಲ್ಲ ಈ ಸಣ್ಣ ಸಂಗತಿಯಲ್ಲಿ ಅಡಗಿದೆ. ಕೊಟ್ಟ ಕೆಲಸವನ್ನು ಗೊಣಗದೆ, ನಗುಮುಖದಿಂದ, ಪ್ರತಿಫಲದ ಮಾತೆತ್ತದೆ ಮಾಡಬೇಕು ಎಂಬುದೇ ಶರಣರ ಬೋಧೆಯೆಂದು ಅನೇಕರು ತಿಳಿದಿದ್ದಾರೆ. ವೃತ್ತಿಯಲ್ಲಿ ಉತ್ಸಾಹವನ್ನು ಕಾಯ್ದುಕೊಳ್ಳುವುದು ಹೇಗೆಂಬ ಪ್ರಶ್ನೆಗೆ ಈ ತಿಳಿವಳಿಕೆಯು ಬಲು ಸುಲಭವಾದ ಉತ್ತರ. ಅದು ನಿಜವಾದ ಉತ್ತರವೇ ಎಂಬುದನ್ನು ವಚನಗಳನ್ನೂ, ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಚರಿತ್ರೆಯನ್ನೂ ಒಟ್ಟಿಗೆ ಇಟ್ಟು ನೋಡಿದರೆ ತಿಳಿಯುತ್ತದೆ.

ಮೊದಲು ಶಬ್ದಗಳ ವಿಚಾರ. ಚಾಕರಿ, ಊಳಿಗ, ಕೂಲಿ, ಉದ್ಯೋಗ ಮೊದಲಾದ ಮಾತುಗಳು ಕೆಲಸವನ್ನೇ ಹೇಳುತ್ತವೆಯಾದರೂ, ಒಡೆಯನೊಬ್ಬನ ಅಥವಾ ಗಳಿಕೆಯ ಸಂಬಂಧವು ಅವುಗಳಲ್ಲಿ ಮುಂದಾಗಿ ನಿಲ್ಲುತ್ತದೆ. ಕಾಯಕವೆಂಬುದು ಕಾಯದಿಂದ ಹುಟ್ಟಿದ ಶಬ್ದ; ಇಲ್ಲಿ ಮುಂದಾಗಿ ನಿಲ್ಲುವುದು ಮಾಡುವವನ ಮೈ. ಅದರ ಜೊತೆಗೆ ವೀರಶೈವರ ಅಷ್ಟಾವರಣಗಳಲ್ಲಿ ಒಂದಾದ ಪ್ರಸಾದವೆಂಬ ಶಬ್ದವನ್ನು ಇಟ್ಟು ನೋಡಬೇಕು. ಪ್ರಸಾದ, ಪ್ರಸನ್ನ ಎಂಬಿವೆರಡೂ ಒಂದೇ ಧಾತುವಿನಿಂದ ಬಂದುವು. ಕದಡಿದ ನೀರು ತಿಳಿಯಾಗುವುದೇ ಅವುಗಳ ಮೂಲಾರ್ಥ. ಕಾಯಕದಿಂದ ಬಂದುದನ್ನು ಜಂಗಮಕ್ಕೆ ಅರ್ಪಿಸಿ, ಉಳಿದುದನ್ನು ಪ್ರಸಾದವೆಂದು ಕೊಳ್ಳುವವನ ಮನಸ್ಸು ತಿಳಿಯಾಗುತ್ತದೆ ಎಂಬುದು ಶರಣರ ಅಭಿಪ್ರಾಯ. ಆದುದರಿಂದ ಅವರ ದೃಷ್ಟಿಯಲ್ಲಿ ಪ್ರಸನ್ನತೆಯು ಕೆಲಸಕ್ಕೆ ಮೊದಲು ಮುಖಕ್ಕೆ ಬಳಿದುಕೊಳ್ಳುವ ಬಣ್ಣವಾಗಿರಲಿಲ್ಲ. ಕೆಲಸವು ಶುದ್ಧವಾಗಿ ನಡೆದು, ಫಲವು ಸರಿಯಾಗಿ ಹಂಚಿಹೋದ ಮೇಲೆ ತಾನಾಗಿ ಬರುವ ತಿಳಿಯಾಗಿತ್ತು. ಈ ಕ್ರಮವನ್ನು ತಲೆಕೆಳಗು ಮಾಡಿದುದರಿಂದಲೇ ಫಲಕವು ಕುರ್ಚಿಯ ಹಿಂದಕ್ಕೆ ಹೋಯಿತು.

ಈ ಮಾತಿಗೆ ಆಧಾರವು ಶೂನ್ಯಸಂಪಾದನೆಯಲ್ಲಿ ದೊರೆಯುತ್ತದೆ. 15ನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನಿಂದ ಆರಂಭವಾದ ಈ ಸಂಕಲನ ಪರಂಪರೆಯು ಗೂಳೂರು ಸಿದ್ಧವೀರಣ್ಣೊಡೆಯನಲ್ಲಿ ಪೂರ್ಣರೂಪವನ್ನು ತಾಳಿತು. ಆಯ್ದಕ್ಕಿ ಮಾರಯ್ಯ ಲಕ್ಕಮ್ಮ ದಂಪತಿಗಳ ಪ್ರಸಂಗ ಅದರಲ್ಲಿ ವಿಸ್ತಾರವಾಗಿ ಬಂದಿದೆ. ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಮಾರಯ್ಯನ ಕಾಯಕವೆಂದರೆ ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು. ಇದಕ್ಕಿಂತ ಸಣ್ಣ ಕೆಲಸವನ್ನು ಕಲ್ಪಿಸಿಕೊಳ್ಳುವುದು ಕಷ್ಟ. ಒಂದು ದಿನ ಅವನು ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತರುತ್ತಾನೆ. ಮಡದಿಯು ಹಿಗ್ಗುವುದಿಲ್ಲ. ಇದು ನಮ್ಮ ಅಳತೆಯಲ್ಲ, ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬಾ ಎಂದು ಕಳುಹಿಸುತ್ತಾಳೆ. ಬಡತನವು ಮನಸ್ಸಿನದೇ ಹೊರತು ಮಡಕೆಯದಲ್ಲವೆಂಬುದು ಅವಳ ನಿಲುವು. ಇನ್ನೊಮ್ಮೆ ಮಾರಯ್ಯನು ಪ್ರಭುದೇವರೊಡನೆ ಅನುಭಾವದ ಮಾತಿನಲ್ಲಿ ಮುಳುಗಿ ಹೊತ್ತು ಹೋದುದನ್ನೇ ಮರೆಯುತ್ತಾನೆ. ಆಗಲೂ ಎಚ್ಚರಿಸುವವಳು ಅವಳೇ: ಕಾಯಕ ನಿಂತಿದೆ, ಎದ್ದು ಹೋಗು.

ಈ ಎರಡು ಎಚ್ಚರಿಕೆಗಳನ್ನು ಒಟ್ಟಿಗೆ ಓದಬೇಕು. ಬಿಡಿಬಿಡಿಯಾಗಿ ಓದಿದವರು ಲಕ್ಕಮ್ಮನನ್ನು ಒಮ್ಮೆ ವೈರಾಗ್ಯದ ಮೂರ್ತಿಯನ್ನಾಗಿಯೂ, ಒಮ್ಮೆ ದುಡಿಮೆಯ ಮೇಲ್ವಿಚಾರಕಿಯನ್ನಾಗಿಯೂ ಮಾಡಿಬಿಟ್ಟಿದ್ದಾರೆ. ಹೆಚ್ಚು ಗಳಿಸಿದರೆ ಮನಸ್ಸು ಕದಡುತ್ತದೆ. ಕೆಲಸ ಬಿಟ್ಟರೂ ಕದಡುತ್ತದೆ, ಆ ಬಿಡುವಿಗೆ ಕಾರಣವು ಅನುಭಾವವೇ ಆಗಿದ್ದರೂ ಸರಿಯೇ. ಅಳತೆಯನ್ನು ಅರಿತವಳು ಅವಳು. ಹನ್ನೆರಡನೆಯ ಶತಮಾನದ ಒಬ್ಬ ಬಡ ಗೃಹಿಣಿ ಪ್ರಭುದೇವರ ಸಮ್ಮುಖದಿಂದ ಗಂಡನನ್ನು ಎಬ್ಬಿಸಿ ಕಳುಹಿಸಿದ ಧೈರ್ಯವನ್ನು ಸಾಹಿತ್ಯದ ವಿದ್ಯಾರ್ಥಿಗಳು ಇನ್ನೂ ತಕ್ಕಷ್ಟು ಗಮನಿಸಿಲ್ಲ.

ನುಲಿಯ ಚಂದಯ್ಯನ ಕಥೆ ಇನ್ನೊಂದು ಮುಖವನ್ನು ತೋರಿಸುತ್ತದೆ. ಹುಲ್ಲು ಕೊಯ್ಯುವಾಗ ಅವನ ಇಷ್ಟಲಿಂಗವು ನೀರಿಗೆ ಜಾರುತ್ತದೆ. ಅವನು ಕೆಲಸವನ್ನು ನಿಲ್ಲಿಸುವುದಿಲ್ಲ. ಲಿಂಗವೇ ಅವನ ಬೆನ್ನುಹತ್ತಿ ಬರುತ್ತದೆ. ಮಡಿವಾಳ ಮಾಚಯ್ಯನು ನಡುವೆ ಬಂದು ನ್ಯಾಯ ಹೇಳಬೇಕಾಗುತ್ತದೆ. ಕೊನೆಗೆ ಲಿಂಗವೂ ಕಾಯಕಕ್ಕೆ ಇಳಿದು ಹಗ್ಗವನ್ನು ಮಾರಲು ಹೋಗುತ್ತದೆ. ಹಗ್ಗದ ಬೆಲೆಯನ್ನು ಎಷ್ಟೋ ಮೀರಿದ ಹೊನ್ನು ಕೈಗೆ ಬಂದಾಗ ಚಂದಯ್ಯನಿಗೆ ಸಂತೋಷಕ್ಕೆ ಬದಲು ಸಿಟ್ಟು ಬರುತ್ತದೆ. ಹಗ್ಗಕ್ಕೆ ಒಂದು ಬೆಲೆಯುಂಟು. ಅದಕ್ಕಿಂತ ಕಡಿಮೆಯೂ ಬೇಡ, ಹೆಚ್ಚೂ ಬೇಡ. ಪವಾಡದ ಅಂಶವನ್ನು ಬದಿಗಿಟ್ಟು ನೋಡಿದರೂ, ದುಡಿದುದಕ್ಕೆ ತಕ್ಕ ಬೆಲೆಯೆಂಬ ಭಾವನೆ ಇಲ್ಲಿ ಎಷ್ಟು ಖಚಿತವಾಗಿದೆಯೆಂಬುದು ಸ್ಪಷ್ಟವಾಗುತ್ತದೆ. ಪ್ರತಿಫಲವನ್ನು ಕೇಳಬಾರದೆಂದು ಈ ಕಥೆ ಹೇಳುವುದಿಲ್ಲ. ಸರಿಯಾದ ಪ್ರತಿಫಲ ಯಾವುದೆಂದು ದುಡಿಯುವವನಿಗೇ ತಿಳಿದಿರುತ್ತದೆಂದು ಹೇಳುತ್ತದೆ.

ಇಂತಹ ಕಾಯಕಜೀವಿಗಳ ನೆನಪು ಕಲ್ಯಾಣದಿಂದ ಬಹುದೂರದ ಮಲಪ್ರಭೆಯ ಸೀಮೆಯಲ್ಲಿ ಬೇರುಬಿಟ್ಟುದು ಹೇಗೆ? 12ನೆಯ ಶತಮಾನದ ಉತ್ತರಾರ್ಧದಲ್ಲಿ ಕಲ್ಯಾಣವು ಕ್ಷೋಭೆಗೊಂಡಾಗ ಚನ್ನಬಸವಣ್ಣನ ನೇತೃತ್ವದಲ್ಲಿ ಶರಣರ ಒಂದು ತಂಡವು ವಚನಗಳ ಕಟ್ಟುಗಳೊಡನೆ ಉಳವಿಯತ್ತ ಸಾಗಿತೆಂದು ಐತಿಹ್ಯ. ಆ ದಾರಿಯು ಈ ಸೀಮೆಯನ್ನು ಹಾಯ್ದುಹೋಯಿತು. ಮುರಗೋಡ, ಕಾರಿಮನಿಗಳ ಸುತ್ತ ಮಡಿವಾಳ ಮಾಚಯ್ಯನ ನೆನಪು ಉಳಿದಿದೆ. ಕಾದರವಳ್ಳಿಯಲ್ಲಿ ಕಾಳಗ ನಡೆಯಿತೆನ್ನುತ್ತಾರೆ. ಮುಗುಟಖಾನ ಹುಬ್ಬಳ್ಳಿಯಲ್ಲಿ, ಮಲಪ್ರಭೆಯ ಪಾತ್ರದಲ್ಲಿ, ಗಂಗಾಂಬಿಕೆಯ ಐಕ್ಯಸ್ಥಳವಿದೆ. ಇನ್ನೂ ಮುಂದೆ ಖಾನಾಪುರ ತಾಲ್ಲೂಕಿನ ಕಕ್ಕೇರಿಯು ಡೋಹರ ಕಕ್ಕಯ್ಯನ ಹೆಸರಿನಲ್ಲಿಯೇ ನಿಂತಿದೆ. ಇವುಗಳಿಗೆ ಸಮಕಾಲೀನ ಶಾಸನಗಳ ಬೆಂಬಲಕ್ಕಿಂತ ಜನರ ನೆನಪಿನ ಬೆಂಬಲವೇ ಹೆಚ್ಚು; ಚರಿತ್ರಕಾರನು ಇದನ್ನು ಒಪ್ಪಿಕೊಂಡೇ ಮುಂದುವರಿಯಬೇಕು. ಆದರೆ ನೆನಪು ಯಾರನ್ನು ಆರಿಸಿಕೊಂಡಿತೆಂಬುದೂ ಒಂದು ಚರಿತ್ರೆಯೇ. ಒಬ್ಬನು ಬಟ್ಟೆ ಒಗೆಯುವವನು, ಒಬ್ಬನು ತೊಗಲು ಹದಮಾಡುವವನು. ಮಂತ್ರಿ, ದಂಡನಾಯಕರಿಗಿಂತ ಇವರ ಹೆಸರುಗಳೇ ಹಳ್ಳಿಗರ ಬಾಯಿಯಲ್ಲಿ ಉಳಿದುವು.

ನೆಲವೂ ಇದಕ್ಕೆ ಸಿದ್ಧವಾಗಿತ್ತು. ಇಂದಿನ ಸವದತ್ತಿಯು ಸುಗಂಧವರ್ತಿಯೆಂಬ ಹೆಸರಿನಿಂದ ರಟ್ಟರ ರಾಜಧಾನಿಯಾಗಿತ್ತು. ಅವರು ಮುಂದೆ ವೇಣುಗ್ರಾಮಕ್ಕೆ, ಎಂದರೆ ಬೆಳಗಾವಿಗೆ, ತಮ್ಮ ಗದ್ದುಗೆಯನ್ನು ಒಯ್ದರು. ಆ ಕಾಲದ ಕನ್ನಡ ಶಾಸನಗಳಲ್ಲಿ ಅರಸರ ದತ್ತಿಗಳ ಜೊತೆಯಲ್ಲಿಯೇ ಗಾಣದವರು ಕೊಟ್ಟ ಎಣ್ಣೆ, ಎಲೆಯವರು ಕೊಟ್ಟ ವೀಳ್ಯದೆಲೆ, ಒಕ್ಕಲು ಕೊಟ್ಟ ಧಾನ್ಯಗಳ ಲೆಕ್ಕವೂ ಬರುತ್ತದೆ. ವೃತ್ತಿಯವರು ತಮ್ಮ ವೃತ್ತಿಯ ಹೆಸರಿನಲ್ಲಿಯೇ ಕಲ್ಲಿನ ಮೇಲೆ ನಿಂತುದು ಸಣ್ಣ ಮಾತಲ್ಲ.

ಇನ್ನು ಕಿತ್ತೂರು. 1585ರ ಸುಮಾರಿಗೆ ಹಿರೇಮಲ್ಲಶೆಟ್ಟಿ, ಚಿಕ್ಕಮಲ್ಲಶೆಟ್ಟಿಯರಿಂದ ಮೊದಲಾದ ಈ ದೇಸಗತಿಯು 1824ರ ವರೆಗೆ ಬಾಳಿತು. ಥ್ಯಾಕರೆಯ ಸಾವು, ಚನ್ನಮ್ಮರಾಣಿಯ ಪರಾಕ್ರಮ, ಬೈಲಹೊಂಗಲದ ಸೆರೆ, 1829ರಲ್ಲಿ ಅಲ್ಲಿಯೇ ಅವಳ ಅಂತ್ಯ ಇವೆಲ್ಲ ಶಾಲೆಯ ಮಕ್ಕಳಿಗೂ ತಿಳಿದ ಸಂಗತಿಗಳು. ಇಲ್ಲಿ ಅವುಗಳನ್ನು ಮತ್ತೆ ಹೇಳಬೇಕಾಗಿಲ್ಲ. ಕಾಯಕದ ದೃಷ್ಟಿಯಿಂದ ನೋಡತಕ್ಕ ಅಂಶ ಬೇರೆಯಿದೆ. ಅದು ಶೇತಸನದಿಯ ಪದ್ಧತಿ.

ಶೇತಸನದಿಯೆಂದರೆ ಸನದಿನ ಮೂಲಕ ಹೊಲವನ್ನು ಪಡೆದು, ಅದಕ್ಕೆ ಪ್ರತಿಯಾಗಿ ಊರ ಕಾವಲು, ಖಜಾನೆಯ ಬೆಂಗಾವಲು, ಯುದ್ಧ ಬಂದಾಗ ದಂಡಿನ ಸೇವೆ ಮಾಡುವವನು. ಅವನಿಗೆ ತಿಂಗಳ ಸಂಬಳವೆಂಬುದಿಲ್ಲ. ಹೊಲವೇ ಸಂಬಳ, ಹೊಲವೇ ಮರ್ಯಾದೆ. ಬಿತ್ತುವ ಕೈಯೇ ಕತ್ತಿ ಹಿಡಿಯುತ್ತಿತ್ತು. ಅವನು ಊರಿನ ಆಳಾಗಿದ್ದರೂ ಊರಿನಲ್ಲಿ ಒಂದು ಪಾಲುಳ್ಳವನಾಗಿದ್ದನು. ಬೈಲಹೊಂಗಲ ತಾಲ್ಲೂಕಿನ ಸಂಗೊಳ್ಳಿಯಲ್ಲಿ 1798ರಲ್ಲಿ ಹುಟ್ಟಿದ ರಾಯಣ್ಣನು ಇಂಥ ಶೇತಸನದಿ. ಆಂಗ್ಲರ ಬರಹಗಳು ಅವನನ್ನು ಹಳ್ಳಿಯ ಕಾವಲುಗಾರನೆಂದೇ ಕರೆದಿವೆ. ಹೀಗಳೆಯುವುದಕ್ಕಾಗಿ ಬಳಸಿದ ಮಾತಾಗಿದ್ದರೂ ಅದು ಒಂದು ರೀತಿಯಲ್ಲಿ ಗೌರವದ ಮಾತೇ ಆಗಿದೆ. ಅವನು ಕಾಯಬೇಕಾದುದನ್ನು ಕಾಯಲು ಹೊರಟವನು.

ಕಿತ್ತೂರು ಕುಂಪಣಿಯ ವಶವಾದ ಮೇಲೆ ಈ ಹೊಲಗಳ ಮೇಲೆ ಹೊಸ ಸರಕಾರದ ಕಣ್ಣು ಬಿತ್ತು. ಕೆಲವರ ಭೂಮಿ ಜಪ್ತಾಯಿತು, ಉಳಿದವರ ಭೂಮಿಗೆ ಕರ ಏರಿತು. ರಾಯಣ್ಣನ ಹೊಲಕ್ಕೂ ಇದೇ ಗತಿ ಒದಗಿತು. ಸೇವೆ ಉಳಿಯಿತು, ಸೇವೆಯ ಮರ್ಯಾದೆ ಹೋಯಿತು. ಕೆಲಸವು ಕೂಲಿಗಿಂತ ಕಡೆಯಾಯಿತು. ಇಂತಹ ಹೊತ್ತಿನಲ್ಲಿ ಕುಂಪಣಿಯ ಯಾವನಾದರೂ ಅಧಿಕಾರಿಯು ಸಂಗೊಳ್ಳಿಗೆ ಬಂದು ಪ್ರಸನ್ನಚಿತ್ತದಿಂದ ಸೇವೆ ಮಾಡಬೇಕೆಂದು ಉಪದೇಶಿಸಿದ್ದರೆ ಅದರ ಅರ್ಥವೇನಾಗುತ್ತಿತ್ತು? 1829 ಮತ್ತು 1830ರಲ್ಲಿ ರಾಯಣ್ಣನ ತಂಡವು ಬೀಡಿ, ಸಂಪಗಾಂವಿ ಮೊದಲಾದ ಕಡೆಗಳಲ್ಲಿ ಸರಕಾರಿ ಕಚೇರಿಗಳ ಮೇಲೆ ಬಿದ್ದು ದಾಖಲೆಗಳಿಗೆ ಬೆಂಕಿಯಿಟ್ಟಿತು. ದೋಚಲು ಬಂದವರಾಗಿದ್ದರೆ ಕಾಗದವನ್ನು ಸುಡುವ ಪ್ರಯಾಸ ಅವರಿಗೆ ಬೇಕಿರಲಿಲ್ಲ. ತಮ್ಮ ದುಡಿಮೆಯ ಬೆಲೆಯನ್ನು ತಪ್ಪಾಗಿ ಬರೆದಿಟ್ಟ ಲೆಕ್ಕವನ್ನು ಅವರು ಸುಟ್ಟರು. 1831ರ ಜನವರಿ 26ರಂದು ನಂದಗಡದಲ್ಲಿ ರಾಯಣ್ಣನನ್ನು ಗಲ್ಲಿಗೇರಿಸಲಾಯಿತು.

ರಾಯಣ್ಣನನ್ನು ಕಾಯಕದ ಚರ್ಚೆಯೊಳಗೆ ತರುವುದು ಬಲವಂತದ ಜೋಡಣೆಯೆಂದು ಕೆಲವರಿಗೆ ತೋರಬಹುದು. ಅವನು ವಚನಕಾರನಲ್ಲ, ಕಾಯಕವೆಂಬ ಮಾತನ್ನು ಎತ್ತಿ ಹೋರಾಡಿದವನೂ ಅಲ್ಲ. ಆದರೆ ನುಲಿಯ ಚಂದಯ್ಯನು ಹಗ್ಗದ ಬೆಲೆಗಾಗಿ ಹಿಡಿದ ಹಟವನ್ನು ಒಮ್ಮೆ ಮನಸ್ಸಿನಲ್ಲಿ ನಿಲ್ಲಿಸಿಕೊಂಡವರಿಗೆ ಸಂಗೊಳ್ಳಿಯ ಹಟವು ಅಪರಿಚಿತವೆನಿಸಲಾರದು. ಒಬ್ಬನು ಹೆಚ್ಚು ಬಂದುದಕ್ಕೆ ಸಿಟ್ಟಾದನು, ಇನ್ನೊಬ್ಬನು ಇದ್ದುದನ್ನು ಕಿತ್ತುಕೊಂಡುದಕ್ಕೆ.

ಸುಮಾರು ಒಂದೂವರೆ ಶತಮಾನದ ಮೇಲೆ ಇದೇ ನದಿಯ ನೀರಿನ ವಿಷಯದಲ್ಲಿ ಇದರ ಇನ್ನೊಂದು ರೂಪ ಕಾಣಿಸಿತು. ಸವದತ್ತಿಯ ಬಳಿ ನವಿಲುತೀರ್ಥದ ಕಣಿವೆಯಲ್ಲಿ ಮಲಪ್ರಭೆಗೆ ಕಟ್ಟಿದ ಆಣೆಕಟ್ಟು 1970ರ ದಶಕದ ಆರಂಭದಲ್ಲಿ ಮುಗಿದು, ರೇಣುಕಾಸಾಗರವು ತುಂಬಿತು. ಜೋಳ, ಹತ್ತಿ, ಕುಸುಬೆ ಬೆಳೆಯುತ್ತಿದ್ದ ಎರೆಯ ನೆಲಕ್ಕೆ ಕಾಲುವೆ ಬಂದಿತು. ಒಕ್ಕಲಿಗನು ಉತ್ಸಾಹದಿಂದಲೇ ಹೊಸ ತಳಿಗಳನ್ನು ಬಿತ್ತಿದನು. ಆದರೆ ನೀರು ಎಲ್ಲ ಹೊಲಗಳನ್ನು ತಲುಪುವ ಮೊದಲೇ ಸುಧಾರಣಾ ಕರವು ತಲುಪಿತು. ಹತ್ತಿಯ ಬೆಲೆಯೂ ಕುಸಿಯಿತು. 1980ರ ಜುಲೈ 21ರಂದು ಅಚ್ಚುಕಟ್ಟು ಪ್ರದೇಶದ ನರಗುಂದ, ನವಲಗುಂದಗಳಲ್ಲಿ ಚಳವಳಿಯು ಉಗ್ರವಾಗಿ, ಗೋಲೀಬಾರು ನಡೆದು ರೈತರ ಪ್ರಾಣಗಳು ಹೋದುವು, ಪೋಲೀಸರಲ್ಲಿಯೂ ಸಾವುಗಳಾದುವು. ಅದು ಮುಂದೆ ಕರ್ನಾಟಕದ ರೈತ ಚಳವಳಿಗೆ ನಾಂದಿಯಾಯಿತು. ನರಗುಂದ, ನವಲಗುಂದಗಳ ರೈತನು ಸೋಮಾರಿಯೆಂದು ಯಾರೂ ಹೇಳಲಾರರು. ಹೊಲದ ಕೆಲಸದಲ್ಲಿ ಅವನಿಗೆ ಇದ್ದ ಪ್ರೀತಿಯೇ ಅವನ ಸಿಟ್ಟಿನ ಮೂಲವಾಗಿತ್ತು. ಕೆಲಸವನ್ನು ಪ್ರೀತಿಸದವನಿಗೆ ಅದರ ಅಪಮಾನವೂ ತಟ್ಟುವುದಿಲ್ಲ.

ರಾಮದುರ್ಗವು ಮಗ್ಗಗಳ ಊರು. ಭಾವೆ ಮನೆತನದ ಆಳ್ವಿಕೆಯಲ್ಲಿದ್ದ ಈ ಚಿಕ್ಕ ಸಂಸ್ಥಾನವು 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಆಳಿದವರು ಬದಲಾದರೂ ಲಾಳಿಯ ಸದ್ದು ನಿಲ್ಲಲಿಲ್ಲ. ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ಕುಳಿತವನ ಕೆಲಸ ಅವನೊಬ್ಬನದಲ್ಲ. ಹೆಂಗಸರು ಕಂಡಿಕೆ ಸುತ್ತಬೇಕು, ಹಾಸಿಗೆ ಗಂಜಿ ಹಚ್ಚಲು ನೆರೆಹೊರೆಯವರು ಕೈಗೂಡಿಸಬೇಕು, ಮುದುಕರು ಎಳೆ ಕೂಡಿಸಬೇಕು. ಒಂದು ಸೀರೆಯ ಹಿಂದೆ ಒಂದು ಮನೆಯೂ ಅರ್ಧ ಓಣಿಯೂ ಇರುತ್ತದೆ. ನೇಕಾರರು ತಮ್ಮ ಕುಲಗುರುವೆಂದು ಕೊಂಡಾಡುವ ದಾಸಿಮಯ್ಯನು, ನೆಯ್ದ ವಸ್ತ್ರವನ್ನು ಬೇಡಿ ಬಂದವನಿಗೆ ಕೊಟ್ಟು ಬರಿಗೈಯಲ್ಲಿ ಮನೆಗೆ ಮರಳಿದನೆಂದು ಕಥೆ. ಜೇಡರ ದಾಸಿಮಯ್ಯನೂ ದೇವರ ದಾಸಿಮಯ್ಯನೂ ಒಬ್ಬನೇ ಇಬ್ಬರೇ ಎಂಬ ವಿವಾದವನ್ನು ವಿದ್ವಾಂಸರು ಇನ್ನೂ ಬಗೆಹರಿಸಿಕೊಂಡಿಲ್ಲ. ಮಗ್ಗದ ಮುಂದೆ ಕುಳಿತವನಿಗೆ ಆ ವಿವಾದದಿಂದ ಆಗುವುದೇನೂ ಇಲ್ಲ.

ನೇಕಾರನ ನಿಜವಾದ ಪ್ರಶ್ನೆ ಬೇರೆ. ಹನ್ನೆರಡನೆಯ ಶತಮಾನದ ಕಾಯಕಜೀವಿಯು ಹುಲ್ಲನ್ನು ತಾನೇ ಕೊಯ್ದು, ತಾನೇ ಹೊಸೆದು, ತಾನೇ ಮಾರಿದನು. ಕೈಮಗ್ಗದ ನೇಕಾರನಿಗಾದರೋ ಬಹುಸಲ ನೂಲು ಸಾಹುಕಾರನದು, ನಮೂನೆ ಸಾಹುಕಾರನದು, ಬೆಲೆಯೂ ಅವನೇ ಕಟ್ಟಿದ್ದು. ತನ್ನದಾಗಿ ಉಳಿದುದು ಕೈಚಳಕ ಮಾತ್ರ. ಹೀಗಿರುವಲ್ಲಿ ಕಾಯಕವು ಕಾಯಕವಾಗಿ ಉಳಿಯಬಲ್ಲುದೆ? ಇದಕ್ಕೆ ಈ ನಾಡು ಕಂಡುಕೊಂಡ ಒಂದು ಉತ್ತರ ಸಹಕಾರ. 1905ರಲ್ಲಿ ಗದಗಿನ ಬಳಿಯ ಕಣಗಿನಹಾಳದಲ್ಲಿ ಶಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ಸಹಕಾರಿ ಸಂಘ ಹುಟ್ಟಿತು; ಮುಂದೆ ಒಕ್ಕಲುತನದಂತೆ ನೇಯ್ಗೆಗೂ ಸಂಘಗಳಾದುವು. 1975ರಲ್ಲಿ ರಾಜ್ಯದ ಕೈಮಗ್ಗ ಅಭಿವೃದ್ಧಿ ನಿಗಮ ಸ್ಥಾಪನೆಯಾಯಿತು. ನೂಲನ್ನು ಒಟ್ಟಾಗಿ ತಂದು, ಬಟ್ಟೆಯನ್ನು ಒಟ್ಟಾಗಿ ಮಾರುವ ಈ ಏರ್ಪಾಡಿನಲ್ಲಿ ದಾಸೋಹದ ಒಂದು ದೂರದ ನೆರಳನ್ನು ಕಾಣುವುದು ತಪ್ಪಾಗಲಾರದು. ಈ ಏರ್ಪಾಡು ಎಲ್ಲೆಡೆಯಲ್ಲಿಯೂ ಗೆಲ್ಲಲಿಲ್ಲ. ವಿದ್ಯುತ್ ಮಗ್ಗಗಳು ಬಂದ ಮೇಲೆ ಕೈಮಗ್ಗದ ಹಲವು ಕುಣಿಗಳು ಮುಚ್ಚಿಹೋದುವು. ಮಗನು ಬೇರೆ ವೃತ್ತಿಗೆ ಹೋಗಲೆಂದು ತಂದೆಯೇ ಬಯಸುವ ಕಾಲ ಬಂದಿತು. ಅಂಥ ತಂದೆಗೆ ಕಾಯಕನಿಷ್ಠೆಯಿಲ್ಲವೆಂದು ಹೇಳುವ ಅಧಿಕಾರ ಯಾರಿಗೂ ಇಲ್ಲ.

ಬೇರೆ ವೃತ್ತಿಗೆ ಹೋಗಬೇಕಾದರೆ ಅಕ್ಷರ ಬೇಕು. ಆ ಅಕ್ಷರದ ದಾರಿಯನ್ನು ತೆರೆದವರಲ್ಲಿ ಸವದತ್ತಿ ಸೀಮೆಯ ಶಿರಸಂಗಿಯ ಲಿಂಗರಾಜರ ಹೆಸರು ಮೊದಲು ಬರುತ್ತದೆ. 1861ರಲ್ಲಿ ಶಿಗ್ಲಿಯಲ್ಲಿ ಹುಟ್ಟಿ, ಶಿರಸಂಗಿ ನವಲಗುಂದದ ದೇಸಗತಿಗೆ ದತ್ತಕರಾಗಿ ಬಂದ ಇವರು 1904ರಲ್ಲಿ ಧಾರವಾಡದಲ್ಲಿ ನೆರೆದ ವೀರಶೈವ ಮಹಾಸಭೆಯ ಮೊದಲ ಅಧಿವೇಶನಕ್ಕೆ ಅಧ್ಯಕ್ಷರಾಗಿದ್ದರು. 1906ರಲ್ಲಿ ತೀರಿಕೊಳ್ಳುವ ಮೊದಲು ತಮ್ಮ ಸಂಪತ್ತು ಸಮಾಜದ ಮಕ್ಕಳ ವಿದ್ಯೆಗೆ ಸಲ್ಲಬೇಕೆಂದು ಮೃತ್ಯುಪತ್ರವನ್ನು ಬರೆದಿಟ್ಟರು. ಅದರ ಫಲವಾದ ಟ್ರಸ್ಟಿನ ನೆರವಿನಿಂದ ಓದಿ ಮುಂದೆ ಬಂದವರು ಬಹಳ ಮಂದಿ.

ಧನ ಒದಗಿದರೂ ಕೆಲಸ ಮಾಡುವವರು ಬೇಕು. 1916ರ ನವೆಂಬರ್ 13ರಂದು ಬೆಳಗಾವಿಯಲ್ಲಿ ಮೊದಲಾದ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯ ಹಿಂದೆ, ಜನರು ಸಪ್ತರ್ಷಿಗಳೆಂದು ಕರೆದ ಏಳು ಮಂದಿ ಇದ್ದರು. ಎಸ್. ಎಸ್. ಬಸವನಾಳ, ಎಂ. ಆರ್. ಸಾಖರೆ, ಎಚ್. ಎಫ್. ಕಟ್ಟೀಮನಿ, ಬಿ. ಬಿ. ಮಮದಾಪುರ, ಬಿ. ಎಸ್. ಹಂಚಿನಾಳ ಇವರು ಅವರಲ್ಲಿ ಸೇರಿದವರು. ಪದವಿ ಪಡೆದ ತರುಣರಿಗೆ ಸರಕಾರಿ ಹುದ್ದೆಗಳು ಕೈಗೆಟಕುತ್ತಿದ್ದ ದಿನಗಳಲ್ಲಿ ಈ ಶಿಕ್ಷಕರು ಅಲ್ಪವೇತನದ ಶಾಲೆಯನ್ನು ಆರಿಸಿಕೊಂಡರು. ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ಅವರಿಗೆ ಕಡಿಮೆ ಸಂಬಳವನ್ನು ಮೇಲಿನವರು ಹೇರಲಿಲ್ಲ. ಸಂಸ್ಥೆ ಅವರದೇ ಆಗಿತ್ತು, ಅಳತೆಯನ್ನು ಗೊತ್ತುಮಾಡಿಕೊಂಡವರೂ ಅವರೇ. ಲಕ್ಕಮ್ಮ ಅಕ್ಕಿಯ ಅಳತೆಯನ್ನು ತಾನೇ ಗೊತ್ತುಮಾಡಿಕೊಂಡಂತೆ. ತಾನಾಗಿ ಒಪ್ಪಿಕೊಂಡ ಕೊರತೆಯು ಮನಸ್ಸನ್ನು ತಿಳಿಯಾಗಿಸುತ್ತದೆ. ಅನ್ಯರು ಹೇರಿದ ಕೊರತೆಯು ಅದನ್ನು ಕಲಕುತ್ತದೆ. ಈ ಭೇದವನ್ನು ಮರೆತು ಬಸವನಾಳ, ಸಾಖರೆಯವರ ತ್ಯಾಗವನ್ನು ಇಂದಿನ ತಾತ್ಪೂರ್ತಿಕ ಶಿಕ್ಷಕನ ಮುಂದೆ ಆದರ್ಶವೆಂದು ಹಿಡಿಯುವುದು ನ್ಯಾಯವಲ್ಲ. ಶಾಲೆಯ ದುಡಿಮೆಯ ನಡುವೆಯೇ ಬಸವನಾಳರು ಬಸವಣ್ಣನವರ ಷಟ್‌ಸ್ಥಲದ ವಚನಗಳನ್ನು ಸಂಪಾದಿಸಿದರು. ಸಾಖರೆಯವರು 1942ರಲ್ಲಿ ಲಿಂಗಾಯತ ಧರ್ಮದ ಇತಿಹಾಸ ತತ್ತ್ವಗಳನ್ನು ಕುರಿತ ದೊಡ್ಡ ಇಂಗ್ಲಿಷ್ ಗ್ರಂಥವನ್ನು ಹೊರತಂದರು. ಸಂಸ್ಥೆಯು 1933ರಲ್ಲಿ ಬೆಳಗಾವಿಯಲ್ಲಿ ತೆರೆದ ಕಾಲೇಜಿಗೆ ಲಿಂಗರಾಜರ ಹೆಸರೇ ಬಂದಿತು.

ಆ ಕಾಲೇಜಿಗೂ ಬೆಳಗಾವಿಯ ಶಾಲೆಗಳಿಗೂ ಬೈಲಹೊಂಗಲ, ಸವದತ್ತಿ, ರಾಮದುರ್ಗಗಳ ಹಳ್ಳಿಯ ಹುಡುಗರು ಬಂದರು, ಉಣ್ಣುವುದೆಲ್ಲಿ? ಬೈಲಹೊಂಗಲ ತಾಲ್ಲೂಕಿನ ನಾಗನೂರಿ‌ನ ರುದ್ರಾಕ್ಷಿಮಠದ ಶಿವಬಸವ ಸ್ವಾಮಿಗಳು ಬೆಳಗಾವಿಯಲ್ಲಿ ನಡೆಸಿದ ಉಚಿತ ಪ್ರಸಾದನಿಲಯವು ಈ ಪ್ರಶ್ನೆಗೆ ಉತ್ತರವಾಯಿತು. ಅದಕ್ಕೆ ಇಟ್ಟ ಹೆಸರನ್ನು ಓದುಗರು ಗಮನಿಸಬೇಕು. ಊಟದ ಮನೆಯೆಂದಾಗಲಿ ಅನ್ನಛತ್ರವೆಂದಾಗಲಿ ಕರೆದಿದ್ದರೆ ಉಣ್ಣುವ ಹುಡುಗನು ಬೇಡುವವನಾಗುತ್ತಿದ್ದನು. ಪ್ರಸಾದವನ್ನು ಕೊಳ್ಳುವವನಿಗೆ ಸಂಕೋಚವಿಲ್ಲ.

ಈ ಸೀಮೆಗೆ ನೇರವಾಗಿ ಸೇರದಿದ್ದರೂ ಈ ಪ್ರಸಂಗದಲ್ಲಿ ಬಿಡಲಾಗದ ಹೆಸರು ಫ. ಗು. ಹಳಕಟ್ಟಿಯವರದು. ಮೇಲೆ ಹೇಳಿದ ಮಾರಯ್ಯ, ಲಕ್ಕಮ್ಮ, ಚಂದಯ್ಯರ ವಚನಗಳನ್ನು ಇಂದು ಸಾಮಾನ್ಯ ಓದುಗನು ಕೈಯಲ್ಲಿ ಹಿಡಿಯುವಂತಾದುದರಲ್ಲಿ ಅವರ ಪಾಲು ದೊಡ್ಡದು. 1880ರಲ್ಲಿ ಧಾರವಾಡದಲ್ಲಿ ಹುಟ್ಟಿ, ವಿಜಾಪುರದಲ್ಲಿ ವಕೀಲಿಗೆ ನಿಂತ ಅವರು ಹಾಗೆಯೇ ಮುಂದುವರಿದಿದ್ದರೆ ಧನಿಕರಾಗುವುದರಲ್ಲಿ ಸಂದೇಹವಿರಲಿಲ್ಲ. 20ನೆಯ ಶತಮಾನದ ಆರಂಭದಲ್ಲಿಯೇ ರಬಕವಿ ಬನಹಟ್ಟಿಗಳಲ್ಲಿ, ಅದೂ ನೇಕಾರರ ಊರುಗಳಲ್ಲಿ, ಕಂಡ ತಾಳೆಗರಿಗಳು ಅವರ ದಾರಿಯನ್ನು ಬದಲಿಸಿದುವು. ಕಟ್ಟುಗಳನ್ನು ಹುಡುಕುವುದು, ನಕಲು ಮಾಡುವುದು, ಪಾಠಗಳನ್ನು ಹೋಲಿಸುವುದು, ಇದೆಲ್ಲ ಕೋರ್ಟಿನ ಕೆಲಸ ಮುಗಿದ ಮೇಲೆ. ವಚನಶಾಸ್ತ್ರಸಾರದ ಹಸ್ತಪ್ರತಿ ಸಿದ್ಧವಾದಾಗ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯಕ್ಕೆ ಕಳುಹಿಸಿದರು. ಅದು ಅಚ್ಚಾಗದೆ ಮರಳಿತು. ಕಡೆಗೆ 1923ರಲ್ಲಿ ಬೆಳಗಾವಿಯ ಮಹಾವೀರ ಮುದ್ರಣಾಲಯದಲ್ಲಿ ಅದರ ಮೊದಲ ಭಾಗ ಹೊರಬಂದಿತು. ಕಾಯಕದ ಮಾತು ಅಚ್ಚಿನ ರೂಪದಲ್ಲಿ ಮಲಪ್ರಭೆಯ ಸೀಮೆಗೆ ಮರಳಿದುದು ಹೀಗೆ.

ಇತರರ ಮುದ್ರಣಾಲಯಗಳನ್ನು ನಂಬಿ ಕೆಲಸ ಸಾಗದೆಂದು ಕಂಡು, 1925ರಲ್ಲಿ ವಿಜಾಪುರದಲ್ಲಿ ಹಿತಚಿಂತಕ ಮುದ್ರಣಾಲಯವನ್ನು ತೆರೆದರು. ಅದಕ್ಕೆ ಹಣವು ಇದ್ದ ಮನೆಯನ್ನು ಮಾರಿದುದರಿಂದ ಬಂದಿತು. 1926ರಲ್ಲಿ ಶಿವಾನುಭವ ಪತ್ರಿಕೆ ಮೊದಲಾಯಿತು. ಅದೇ ವರ್ಷ ಬಳ್ಳಾರಿಯಲ್ಲಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠವೂ ಬಂದಿತು. ಅಧ್ಯಕ್ಷತೆ ಮುಗಿದ ಮೇಲೆ ಮತ್ತೆ ಕರಡು ತಿದ್ದುವ ಕೆಲಸ. ಅವರ ವೃತ್ತಿಜೀವನವನ್ನು ಲೋಕದ ಲೆಕ್ಕದಲ್ಲಿ ಬರೆದರೆ ಅದು ಇಳಿಮುಖದ ಕಥೆ: ವಕೀಲಿಯಿಂದ ಮುದ್ರಣಕ್ಕೆ, ಸ್ವಂತ ಮನೆಯಿಂದ ಬಾಡಿಗೆಯ ಮನೆಗೆ. ಅವರನ್ನು ಬಲ್ಲವರು ನೆನೆದಿರುವ ಹಳಕಟ್ಟಿಯವರಾದರೋ ಸೈಕಲ್ಲಿನ ಮೇಲೆ ಮುದ್ರಣಾಲಯಕ್ಕೆ ಹೋಗುತ್ತಿದ್ದ, ತೇಪೆ ಹಾಕಿದ ಕೋಟಿನ, ಮುಗಿಯದ ಕೆಲಸದ ಅವಸರದ ಮನುಷ್ಯ. ಅವರು ದೂರಲಿಲ್ಲವೆಂದು ಬರೆಯುವುದು ವಾಡಿಕೆ. ಆದರೆ ಚಂದಾ ಕಳುಹಿಸದ ಓದುಗರನ್ನೂ ನೆರವು ನೀಡದ ಶ್ರೀಮಂತರನ್ನೂ ಕುರಿತು ಅವರಿಗೆ ನೋವು ಇದ್ದಿರಲೇಬೇಕು. ಇಲ್ಲವೆಂದು ಹೇಳಿದರೆ ಅವರನ್ನು ಚಿತ್ರಪಟದಲ್ಲಿ ಕೂರಿಸಿದಂತಾಗುತ್ತದೆ. ನೋವು ಇದ್ದೂ ಮರುದಿನದ ಕರಡು ನಿಲ್ಲಲಿಲ್ಲ ಎಂಬುದೇ ಅವರ ವಿಷಯದಲ್ಲಿ ಹೇಳಬೇಕಾದ ಮಾತು.

1956ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯವು ಅವರಿಗೆ ಗೌರವ ಡಾಕ್ಟರೇಟನ್ನು ನೀಡಿತು. ಆ ಹೊತ್ತಿಗೆ ಅವರಿಗೆ ಎಪ್ಪತ್ತಾರು ವರ್ಷ. 1964ರ ಜೂನ್ 29ರಂದು ವಿಜಾಪುರದಲ್ಲಿ ಅವರು ಲಿಂಗೈಕ್ಯರಾದರು. ಅಲ್ಲಿಯೂ ಅವರಿಗೆ ಸ್ವಂತ ಮನೆಯಿರಲಿಲ್ಲ.